ಬೆಳೆ ಕಾವಲಿಗೆ ಕೋವಿಯ ಆಯ್ಕೆ

ಭತ್ತ ಹಾಲುಗಟ್ಟುವ ಹೊತ್ತಿಗೆ, ಮುಸುಕಿನ ಜೋಳದ ತೆನೆ ಬಲಿಯುವ ಹೊತ್ತಿಗೆ ಕಾಡಂಚಿನ ಊರುಗಳಲ್ಲಿ ರಾತ್ರಿ ಕಾವಲು ಪ್ರಾರಂಭವಾಗುತ್ತದೆ. ಹಂದಿಯ ಹಿಂಡು ಗದ್ದೆಗೆ ಇಳಿದರೆ ತಿಂದು ಹಾಳಾಗುವುದಕ್ಕಿಂತ ತುಳಿದು, ಹೊರಳಾಡಿ ಹಾಳಾಗುವ ಪೈರೇ ಹೆಚ್ಚು. ಗೆಣಸು, ಬಾಳೆ, ನೆಲಗಡಲೆ ಯಾವುದೂ ಅದಕ್ಕೆ ಹೊರತಲ್ಲ. ಇಂಥ ಒಂದೆರಡು ಹಂಗಾಮುಗಳನ್ನು ಕಳೆದುಕೊಂಡ ರೈತರು ಕೋವಿಯ ಪರವಾನಗಿಗೆ ಅರ್ಜಿ ಹಾಕುವ ಯೋಚನೆ ಮಾಡುವುದು ಸಹಜ. ಆಗ ಏಳುವ ಪ್ರಶ್ನೆಗಳು ಹಲವು. ಎಷ್ಟು ಬೋರಿನ ಕೋವಿ? ಒಂಟಿ ನಳಿಗೆಯೋ, ಜೋಡಿ ನಳಿಗೆಯೋ? ರೈಫಲನ್ನೇ ಕೊಂಡರೆ ಹೇಗೆ? ಯಾವ ಬಗೆಯ ಕೋವಿ ಬೇಕೆಂದು ಅರ್ಜಿಯಲ್ಲಿಯೇ ನಮೂದಿಸಬೇಕಾಗಿರುವುದರಿಂದ ಇವಕ್ಕೆ ಉತ್ತರ ಅರ್ಜಿ ಬರೆಯುವುದಕ್ಕೆ ಮೊದಲೇ ಸಿದ್ಧವಾಗಿರಬೇಕು.

ಸಾಮಾನ್ಯವಾಗಿ ಊರಿನಲ್ಲಿ ಸಿಗುವ ಸಲಹೆ ಪ್ರಾಣಿಯನ್ನು ಕುರಿತದ್ದು. ಹಂದಿಯ ಚರ್ಮ ದಪ್ಪ, ಅದಕ್ಕೆ ಜೋರು ಕೋವಿ ಬೇಕು ಎನ್ನುತ್ತಾರೆ. ಬೇಟೆಯ ಕಾಲದಲ್ಲಿ ಈ ಮಾತು ಸರಿಯಿದ್ದಿರಬಹುದು. ಬೆಳೆ ಕಾವಲಿನಲ್ಲಿ ಮೊದಲು ನೋಡಬೇಕಾದುದು ಪ್ರಾಣಿಯನ್ನಲ್ಲ, ಪ್ರಾಣಿಯ ಹಿಂದೆ ಏನಿದೆ ಎಂಬುದನ್ನು. ಗದ್ದೆಯ ಆಚೆ ದಿಬ್ಬವಿದೆಯೆ, ದಾರಿಯಿದೆಯೆ, ನೆರೆಯವರ ಕಾವಲು ಗುಡಿಸಲಿದೆಯೆ? ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗಿ ನಿಲ್ಲುತ್ತದೆ? ಹಂದಿಯೆಂದು ಭ್ರಮಿಸಿ ಮನುಷ್ಯರ ಮೇಲೆ ಹಾರಿಸಿದ ಈಡಿನ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಸತ್ತವರು ಬಹುಪಾಲು ಪಕ್ಕದ ಹೊಲದವರು ಇಲ್ಲವೇ ಜೊತೆಗೆ ಹೋದವರು. ಆದ್ದರಿಂದ ಕೋವಿಯ ಆಯ್ಕೆ ಹೊಲದ ಭೂರಚನೆಯಿಂದ ಪ್ರಾರಂಭವಾಗಬೇಕು.

ಕಾನೂನಿನ ಮಿತಿ

1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ವಿಧಿ ಬೆಳೆ ರಕ್ಷಣೆಯ ಮಾತನ್ನು ನೇರವಾಗಿ ಎತ್ತುತ್ತದೆ. ಬೆಳೆ ರಕ್ಷಣೆಯ ನಿಜವಾದ ಉದ್ದೇಶಕ್ಕೆ ಅದು ಮೊದಲು ಹೇಳುವುದು ಮೂತಿಯಿಂದ ಮದ್ದು ತುಂಬುವ ಕೋವಿಯನ್ನು. ಅಂಥ ಕೋವಿ ಸಾಲದು ಎಂದು ಪರವಾನಗಿ ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ, ಒಳಮೈ ನುಣುಪಾದ ಬೇರೆ ಕೋವಿಗೆ ಪರವಾನಗಿ ಕೊಡಬಹುದು. ಇಲ್ಲಿ ರೈಫಲಿನ ಹೆಸರೇ ಇಲ್ಲ. ಕಾಯಿದೆ ಬರೆದವರು ಹೊಲದ ಸ್ಥಿತಿಯನ್ನು ಬಲ್ಲವರಾಗಿದ್ದರೆಂದೇ ಹೇಳಬೇಕು. ಅದೇಕೆಂಬುದು ಮುಂದೆ ಸ್ಪಷ್ಟವಾಗುತ್ತದೆ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅರ್ಜಿದಾರರು ಶಸ್ತ್ರ ಬಳಕೆಯ ಸುರಕ್ಷತಾ ತರಬೇತಿ ಪಡೆದಿರಬೇಕು. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿಯ ವಿವರ ಠಾಣೆಯಲ್ಲಿ ಸಿಗುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿಗಳು ಇರುವಂತಿಲ್ಲ. ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಅಭಯಾರಣ್ಯದ ಗಡಿಯಿಂದ 10 ಕಿ.ಮೀ. ಒಳಗಿನವರಿಗೆ ಹೊಸ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಅಗತ್ಯ. ಪಶ್ಚಿಮ ಘಟ್ಟದ ಎಷ್ಟೋ ಗ್ರಾಮಗಳು ಈ ಪರಿಧಿಯೊಳಗೆ ಬರುವುದರಿಂದ ಅರ್ಜಿಗಳು ನಿಂತುಹೋಗುವುದು ಹೆಚ್ಚಾಗಿ ಇಲ್ಲಿಯೇ. ಕೊಡಗಿನ ಸ್ಥಿತಿ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಷ್ಟು ಹಿಂದಿನಿಂದ ನಡೆದುಬಂದ ವಿನಾಯಿತಿಯಿದ್ದು, 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಲಾಗಿದೆ. ಆದರೆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ. ವನ್ಯಜೀವಿ ಕಾಯಿದೆಯಿಂದ ಯಾರಿಗೂ ವಿನಾಯಿತಿಯಿಲ್ಲ.

ಇದು ಬಹಳ ಜನ ತಪ್ಪು ತಿಳಿಯುವ ವಿಷಯ. ಕೋವಿಯ ಪರವಾನಗಿ ಪ್ರಾಣಿ ಕೊಲ್ಲುವ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 11ನೆಯ ವಿಧಿಯಂತೆ, ಎರಡನೆಯ ಅನುಸೂಚಿಯಲ್ಲಿರುವ ಕಾಡುಹಂದಿಯಂಥ ಪ್ರಾಣಿ ನಿಂತ ಬೆಳೆಗೆ ಅಪಾಯ ತಂದಾಗ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಆದೇಶದ ಮೂಲಕ ಮಾತ್ರ ಅದನ್ನು ಹೊಡೆಯಲು ಅನುಮತಿ ನೀಡಬಹುದು. ಆನೆ, ಕಾಟಿ, ನವಿಲು ಮೊದಲನೆಯ ಅನುಸೂಚಿಗೆ ಸೇರಿದವು. ಬೆಳೆ ತಿಂದವೆಂಬ ಕಾರಣಕ್ಕೆ ಅವುಗಳ ಮೇಲೆ ಅನುಮತಿ ಸಿಗುವುದಿಲ್ಲ. ಅನುಮತಿಯಿಂದ ಹೊಡೆದ ಪ್ರಾಣಿಯೂ ಸರ್ಕಾರದ ಸ್ವತ್ತು. 2015–16ರಲ್ಲಿ ಬಿಹಾರ, ಉತ್ತರಾಖಂಡಗಳ ಕೆಲವು ಜಿಲ್ಲೆಗಳಲ್ಲಿ ಕಾಡುಹಂದಿಯನ್ನು ಒಂದು ವರ್ಷದ ಮಟ್ಟಿಗೆ ಉಪದ್ರವಿ ಪ್ರಾಣಿಯೆಂದು ಘೋಷಿಸಿದ್ದುಂಟು. 2022ರಲ್ಲಿ ಕೇರಳ ಸರ್ಕಾರ ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತಿಗಳಿಗೆ ವಹಿಸಿದ್ದೂ ಉಂಟು. ಗಡಿಯಾಚೆಯ ಈ ಸುದ್ದಿಗಳನ್ನು ಕೇಳಿ ಇಲ್ಲಿ ಕೋವಿ ಎತ್ತಿದರೆ ಮೊಕದ್ದಮೆ ತಪ್ಪದು. ತಮ್ಮ ತಾಲ್ಲೂಕಿಗೆ ಯಾವ ಆದೇಶ ಅನ್ವಯಿಸುತ್ತದೆ ಎಂಬುದನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿಯಬೇಕು.

ಹೀಗಾಗಿ ಹೆಚ್ಚಿನ ರೈತರ ಪಾಲಿಗೆ ಕೋವಿಯ ಕೆಲಸ ಸದ್ದು ಮಾಡಿ ಬೆದರಿಸುವುದು. ವರ್ಷದಲ್ಲಿ ಹಾರಿಸುವ ಈಡುಗಳಲ್ಲಿ ಬಹುಪಾಲು ಇದಕ್ಕೇ. ಈ ಸತ್ಯವನ್ನು ಒಪ್ಪಿಕೊಂಡರೆ ಆಯ್ಕೆ ಅರ್ಧ ಮುಗಿದಂತೆ.

ಬೋರ್ ಮತ್ತು ಕ್ಯಾಲಿಬರ್

ನುಣುಪು ನಳಿಗೆಯ ಕೋವಿಗೆ ‘ಬೋರ್’ ಎಂಬ ಅಳತೆ ಬಂದದ್ದು ಹಳೆಯ ತೂಕದ ಲೆಕ್ಕದಿಂದ. ಒಂದು ಪೌಂಡು ಸೀಸದಿಂದ ನಳಿಗೆಗೆ ಸರಿಯಾಗಿ ಕೂರುವ 12 ಉಂಡೆಗಳು ಆಗುವುದಾದರೆ ಅದು 12 ಬೋರ್. 20 ಉಂಡೆಗಳಾದರೆ 20 ಬೋರ್. ಆದ್ದರಿಂದ ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು. 12 ಬೋರಿನ ಒಳವ್ಯಾಸ ಸುಮಾರು 18.5 ಮಿ.ಮೀ., 16 ಬೋರಿನದು 16.8, 20 ಬೋರಿನದು 15.6. ಮಾತಿನಲ್ಲಿ 410 ಬೋರ್ ಎನ್ನುವ ಸಣ್ಣ ಕೋವಿ ಮಾತ್ರ ಈ ಲೆಕ್ಕಕ್ಕೆ ಸೇರದು, ಅದು.410 ಅಂಗುಲ, ಅಂದರೆ ನೇರವಾಗಿ ವ್ಯಾಸದ ಅಳತೆ.

ರೈಫಲಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಗುಂಡು ದಿಕ್ಕು ತಪ್ಪದೆ ಬಹುದೂರ ಸಾಗುತ್ತದೆ. ಇದರ ಅಳತೆಗೆ ಕ್ಯಾಲಿಬರ್ ಎಂದು ಹೆಸರು. ನಮ್ಮ ದೇಶದಲ್ಲಿ .303 ನಿಷಿದ್ಧ ಬೋರ್. ಸೇನೆಯ ತೋಟೆ ಹೊರಗೆ ಬಳಕೆಯಾಗಬಾರದೆಂಬ ಬ್ರಿಟಿಷರ ಕಾಲದ ನೀತಿಯಿಂದಲೇ .315 ಎಂಬ ಬೇರೆ ಅಳತೆಯ ನಾಗರಿಕ ರೈಫಲ್ ಇಲ್ಲಿ ರೂಢಿಗೆ ಬಂದಿತು. ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುವ ಈ ರೈಫಲಿಗೆ ಹೆಸರಿದೆ. .30-06 ಅದಕ್ಕಿಂತ ಬಲವಾದುದು, .22 ಅತಿ ಸಣ್ಣದು. ಮೂರೂ ಒಳ್ಳೆಯ ಆಯುಧಗಳೇ. ಹೊಲಕ್ಕೆ ಮಾತ್ರ ಮೂರೂ ಸಲ್ಲವು.

ಗುಂಡು ಎಲ್ಲಿಗೆ ಹೋಗಿ ಬೀಳುತ್ತದೆ

ದುಂಡನೆಯ ಸೀಸದ ಚರೆ ಗರಿಷ್ಠ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದು ಸ್ಥೂಲವಾದ ಲೆಕ್ಕವಿದೆ. ಚರೆಯ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು 80ರಿಂದ ಗುಣಿಸಿದರೆ ಮೀಟರಿನಲ್ಲಿ ದೂರ ಸಿಗುತ್ತದೆ. 6ನೇ ನಂಬರಿನ ಚರೆಯ ವ್ಯಾಸ 2.6 ಮಿ.ಮೀ.; ಅದು ಹೆಚ್ಚೆಂದರೆ 210 ಮೀ. ಹೋಗಿ ಬೀಳುತ್ತದೆ. ಬಿಬಿ ಚರೆ 4.1 ಮಿ.ಮೀ.; ಸುಮಾರು 330 ಮೀ. ಹಂದಿಗೆಂದು ಬಳಸುವ ಎಸ್‌ಜಿ ಚರೆ 8.4 ಮಿ.ಮೀ.; ಅದು 670 ಮೀ. ದಾಟಬಲ್ಲದು. ಎಲ್‌ಜಿ ಇನ್ನೂ ತುಸು ಮುಂದೆ. 12 ಬೋರಿನ ಒಂಟಿ ಗುಂಡು ಒಂದು ಕಿಲೋಮೀಟರಿಗೂ ಮೀರಿ ಹೋಗುತ್ತದೆ.

ಈಗ ರೈಫಲಿನ ಲೆಕ್ಕ. ‘ಆಟಿಕೆ’ ಎಂದು ಅನೇಕರು ಉಪೇಕ್ಷಿಸುವ .22 ಗುಂಡು ಸುಮಾರು ಒಂದೂವರೆ ಕಿ.ಮೀ. ಹೋಗುತ್ತದೆ. .30-06ರ ಗುಂಡು ಮೂತಿ ಮೇಲೆತ್ತಿ ಹಾರಿಸಿದಾಗ 4 ಕಿ.ಮೀ. ಆಸುಪಾಸಿನಲ್ಲಿ ಬೀಳುತ್ತದೆ. ಅಂದರೆ ಹಂದಿ ಬೆದರಿಸಲು ಆಕಾಶಕ್ಕೆ ಹಾರಿಸಿದ ರೈಫಲಿನ ಗುಂಡು ಮೂರನೆಯ ಊರಿನಲ್ಲಿ ಬೀಳಬಹುದು. 6ನೇ ನಂಬರಿನ ಚರೆಯಾದರೆ ಬಹುಮಟ್ಟಿಗೆ ಆ ರೈತರ ಸ್ವಂತ ಜಮೀನಿನ ಆಸುಪಾಸಿನಲ್ಲಿಯೇ, ಕಾವು ಕಳೆದುಕೊಂಡು ಬೀಳುತ್ತದೆ. ಶಬ್ದ ಎರಡರಿಂದಲೂ ಬೇಕಾದಷ್ಟಾಗುತ್ತದೆ. ಬೆಳೆ ಕಾವಲಿಗೆ ಚರೆಯ ಕೋವಿಯೇ ಸರಿ ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ದೂರ ಹೋಗದಿರುವುದೇ ಅದರ ಗುಣ.

ಭೂಮಿಯ ಸ್ವರೂಪವೂ ಲೆಕ್ಕಕ್ಕೆ ಬರಬೇಕು. ಮಲೆನಾಡಿನ ಕಣಿವೆಗದ್ದೆಗಳಲ್ಲಿ ಎರಡೂ ಬದಿಗೆ ಗುಡ್ಡವಿದೆ, ಗುಂಡು ಮಣ್ಣಿಗೆ ಹೊಕ್ಕು ನಿಲ್ಲುತ್ತದೆ ಎಂದು ಕಾಣಬಹುದು. ಆದರೆ ಮಲೆನಾಡಿನ ಮನೆಗಳಿರುವುದು ಗದ್ದೆಯ ಅಂಚಿನಲ್ಲಿ, ಗುಡ್ಡದ ಬುಡದಲ್ಲಿಯೇ. ಕರಾವಳಿಯಲ್ಲಿ ಮನೆಗಳು ಒಂದೆಡೆ ಗುಂಪಾಗಿರದೆ ತೋಟಗಳ ನಡುವೆ ಚದುರಿವೆ. ಹಗಲು ಕಾಣುವ ಹೆಂಚಿನ ಮಾಡು ರಾತ್ರಿ ಕಾಣುವುದಿಲ್ಲ. ನೀರು ನಿಂತ ಗದ್ದೆಗೂ ಮುರಕಲ್ಲಿಗೂ ಓರೆಯಾಗಿ ತಗುಲಿದ ಗುಂಡು ಚಿಮ್ಮಿ ಬೇರೆ ದಿಕ್ಕಿಗೆ ಹಾರುತ್ತದೆ. ಬಯಲುಸೀಮೆಯ ಮುಸುಕಿನ ಜೋಳದ ಹೊಲದಲ್ಲಿ ಬೆಳೆ ಆಳೆತ್ತರ ನಿಂತ ಮೇಲೆ ನಾಲ್ಕೈದು ಸಾಲಿನ ಆಚೆ ಏನಿದೆಯೆಂಬುದು ತಿಳಿಯದು. ಅಂಥಲ್ಲಿ ನೆಲಕ್ಕೆ ಸಮನಾಗಿ ಈಡು ಹಾರಿಸುವ ಮಾತೇ ಇಲ್ಲ. ಅಟ್ಟಣೆಯ ಮೇಲಿನಿಂದ ಕೆಳಮುಖವಾಗಿ ಹಾರಿಸಿದಾಗ ನೆಲವೇ ಗುಂಡನ್ನು ತಡೆಯುತ್ತದೆ. ಅಟ್ಟಣೆ ಕಟ್ಟುವ ರೂಢಿ ಹಿಂದಿನವರಿಗೆ ಪ್ರಾಣಿಭಯದಿಂದ ಬಂದಿರಬಹುದು; ಇಂದಿಗೆ ಅದರ ಮುಖ್ಯ ಪ್ರಯೋಜನ ಇದು.

ಕೋವಿ ಕೊಳ್ಳುವ ಮೊದಲು ಒಂದು ಹಗಲು ಇದಕ್ಕಾಗಿ ಮೀಸಲಿಡುವುದು ಒಳ್ಳೆಯದು. ಕಾಗದದ ಮೇಲೆ ಜಮೀನಿನ ನಕ್ಷೆ ಬರೆದು, ಅದರ ಸುತ್ತ 700 ಮೀಟರಿನೊಳಗಿನ ಮನೆ, ಕೊಟ್ಟಿಗೆ, ಕಾಲುದಾರಿ, ಪಂಪುಮನೆ, ನೆರೆಯವರ ಕಾವಲು ಗುಡಿಸಲು ಎಲ್ಲವನ್ನೂ ಗುರುತಿಸಬೇಕು. ಕಾವಲು ಕೂರುವ ಸ್ಥಳದಿಂದ ಯಾವ ದಿಕ್ಕಿಗೆ ಎಂದೂ ಕೋವಿ ತಿರುಗಿಸಬಾರದು ಎಂಬುದು ಆಗ ತಾನಾಗಿ ಕಾಣುತ್ತದೆ. ಆ ಎಲ್ಲೆಗಳಲ್ಲಿ ಸುಣ್ಣ ಬಳಿದ ಗೂಟ ನೆಟ್ಟರೆ ರಾತ್ರಿಯ ಮಂದ ಬೆಳಕಿನಲ್ಲಿಯೂ ಕಣ್ಣಿಗೆ ಬೀಳುತ್ತವೆ. ಹಾಗೆ ನೋಡಿದ ಮೇಲೆ ಯಾವ ದಿಕ್ಕೂ ಉಳಿಯದಿದ್ದರೆ ಆ ಜಮೀನಿಗೆ ಕೋವಿ ತಕ್ಕುದಲ್ಲ. ಆ ಹಣವನ್ನು ಸೌರಬೇಲಿಗೆ ಹಾಕಬೇಕು. ವಿದ್ಯುತ್ ತಂತಿಯಿಂದ ನೇರವಾಗಿ ಕರೆಂಟು ಕೊಟ್ಟ ಬೇಲಿಯಂತೂ ಎಂದಿಗೂ ಕೂಡದು. ಅದು ಹಂದಿಯನ್ನೂ ದನವನ್ನೂ ಮನೆಯ ಮಕ್ಕಳನ್ನೂ ಬೇರೆಬೇರೆಯಾಗಿ ಕಾಣುವುದಿಲ್ಲ.

ಚರೆಯ ಹರವು

ಚರೆಯ ಕೋವಿ ಹತ್ತಿರದ ಆಯುಧ. ಎಷ್ಟು ಹತ್ತಿರ ಎಂಬುದನ್ನು ಲೆಕ್ಕ ಹಾಕಿ ನೋಡಿದವರು ಕಡಿಮೆ. ನಳಿಗೆಯ ಮೂತಿಯನ್ನು ತುಸು ಬಿಗಿ ಮಾಡಿದ್ದರೆ ಅದಕ್ಕೆ ಚೋಕ್ ಎನ್ನುತ್ತಾರೆ. ಬಿಗಿಯೇ ಇಲ್ಲದ ನಳಿಗೆಯಿಂದ ಹೊರಟ ಚರೆಯಲ್ಲಿ ಸುಮಾರು 40 ಪಾಲು, ಪೂರ್ಣ ಬಿಗಿಯ ನಳಿಗೆಯಿಂದ ಹೊರಟುದರಲ್ಲಿ 70 ಪಾಲು, 36 ಮೀ. ದೂರದ 75 ಸೆಂ.ಮೀ. ಅಗಲದ ವೃತ್ತದೊಳಗೆ ಬೀಳುತ್ತದೆ ಎಂಬುದು ಒಪ್ಪಿತ ಅಳತೆ. ಒಂದು ಎಸ್‌ಜಿ ತೋಟೆಯಲ್ಲಿ ಒಂಬತ್ತು ಚರೆಗಳಿವೆಯೆಂದುಕೊಳ್ಳೋಣ. ಬಿಗಿಯಿಲ್ಲದ ನಳಿಗೆಯಾದರೆ ವೃತ್ತದೊಳಗೆ ಬೀಳುವುದು ಮೂರೋ ನಾಲ್ಕೋ. ಹಂದಿಯ ಮರ್ಮಸ್ಥಾನ ಒಂದು ಗೇಣಗಲ, ಅಂದರೆ 25 ಸೆಂ.ಮೀ. ಎಂದಿಟ್ಟುಕೊಂಡರೆ ಅದರ ವಿಸ್ತಾರ ಆ ವೃತ್ತದ ಒಂಬತ್ತನೆಯ ಒಂದು ಪಾಲು ಮಾತ್ರ. ಸರಾಸರಿ ಒಂದು ಚರೆಯೂ ಅಲ್ಲಿಗೆ ತಗುಲುವ ಭರವಸೆಯಿಲ್ಲ. ದೂರವನ್ನು ಅರ್ಧಕ್ಕೆ, 18 ಮೀಟರಿಗೆ ಇಳಿಸಿದರೆ ಹರವೂ ಅರ್ಧವಾಗಿ ಚರೆಯ ಸಾಂದ್ರತೆ ನಾಲ್ಕು ಪಟ್ಟಾಗುತ್ತದೆ. ಆಗ ಒಂದೆರಡು ತಗುಲಬಹುದು.

ಹೀಗಾಗಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇದ್ದವರು ಕೂಡ 20 ಮೀಟರಿನ ಆಚೆಗೆ ಈಡು ಹಾರಿಸಬಾರದು. ಹೊಟ್ಟೆಗೋ ಕಾಲಿಗೋ ಏಟು ತಿಂದ ಹಂದಿ ದಿನಗಟ್ಟಲೆ ನರಳಿ ಸಾಯುತ್ತದೆ. ಅದಕ್ಕೂ ಮೊದಲು ಬೆಳಗಿನ ಹೊತ್ತು ಸೊಪ್ಪಿಗೆ ಹೋದ ಹೆಂಗಸರ ಮೇಲೆ ಬೀಳುತ್ತದೆ. ಎಲ್ಲಕ್ಕಿಂತ ಮೊದಲಾಗಿ, ಟಾರ್ಚಿನ ಬೆಳಕಿನಲ್ಲಿ ಪ್ರಾಣಿಯ ಪೂರ್ಣ ಆಕಾರ ಕಾಣದೆ ಸದ್ದಿಗೆ ಗುರಿಯಿಟ್ಟು ಹೊಡೆಯುವ ಅಭ್ಯಾಸವನ್ನು ಬಿಡಬೇಕು. ಆ ರಾತ್ರಿ ಯಾರು ಎಲ್ಲಿ ಕಾವಲಿಗೆ ಕೂರುತ್ತಾರೆಂಬುದನ್ನು ಅಕ್ಕಪಕ್ಕದವರು ಸಂಜೆಯೇ ಒಬ್ಬರಿಗೊಬ್ಬರು ತಿಳಿಸುವ ಪದ್ಧತಿ ಪ್ರತಿ ಊರಿನಲ್ಲಿಯೂ ಬರಬೇಕು.

ಹೊಸ ಕೋವಿಯ ಹರವನ್ನು ಸ್ವತಃ ಪರೀಕ್ಷಿಸುವುದು ಕಷ್ಟವೇನಲ್ಲ. ಪೊಲೀಸ್ ತರಬೇತಿಯ ಗುಂಡು ಹಾರಿಸುವ ಮೈದಾನದಲ್ಲಿ ಅವಕಾಶ ಕೇಳಿಕೊಂಡು, ಹಳೆಯ ದಿನಪತ್ರಿಕೆಗಳನ್ನು ಅಂಟಿಸಿದ ದೊಡ್ಡ ಹಾಳೆಗೆ ಅಳೆದ ದೂರದಿಂದ ಮೂರು ಈಡು ಹಾರಿಸಿ ತೂತು ಎಣಿಸಿದರೆ ಸಾಕು. ಕೋವಿಯ ಬಗ್ಗೆ ಇರುವ ಅರ್ಧ ಭ್ರಮೆ ಆ ಹಾಳೆ ನೋಡಿದಾಗಲೇ ಹೋಗುತ್ತದೆ.

ಯಾವ ಮಾದರಿ

ಬೋರಿನ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ. 12 ಬೋರಿನ ತೋಟೆ ಸುಲಭವಾಗಿ ಸಿಗುತ್ತದೆ. ಖಡಕಿ ಕಾರ್ಖಾನೆಯ, ಹಿತ್ತಾಳೆಯ ಬುಡದ ಮೇಲೆ ಕೆಎಫ್ ಎಂಬ ಗುರುತಿರುವ ತೋಟೆಗಳು ಎಲ್ಲರಿಗೂ ಪರಿಚಿತ. 16 ಬೋರ್ ಒಳ್ಳೆಯ ಕೋವಿಯಾದರೂ ತೋಟೆಗಾಗಿ ಅಲೆಯಬೇಕು. ಮನೆಯಲ್ಲಿ ಎರಡು ಅಳತೆಯ ಕೋವಿ ಇರುವುದು ಅಪಾಯಕರ. ಕೈತಪ್ಪಿ ಹಾಕಿದ 20 ಬೋರಿನ ತೋಟೆ 12 ಬೋರಿನ ನಳಿಗೆಯೊಳಕ್ಕೆ ಜಾರಿ ನಡುವೆ ಸಿಕ್ಕಿಕೊಳ್ಳುತ್ತದೆ. ಬರಿದೆಂದು ತಿಳಿದು ಹಿಂದೆ ಇನ್ನೊಂದು ತೋಟೆ ಹಾಕಿ ಹಾರಿಸಿದರೆ ನಳಿಗೆ ಸೀಳಿ ಎಡಗೈ ಹೋಗುತ್ತದೆ.

ತೋಟೆಯ ಉದ್ದವನ್ನೂ ನೋಡಬೇಕು. ಹಳೆಯ ಕೋವಿಗಳಲ್ಲಿ ತೋಟೆ ಕೂರುವ ಕೋಣೆ 65 ಮಿ.ಮೀ., ಈಚಿನವುಗಳಲ್ಲಿ 70 ಮಿ.ಮೀ. ಇರುತ್ತದೆ. ಇಲ್ಲೊಂದು ಮೋಸವಿದೆ. ತೋಟೆಯ ಮೇಲೆ ಬರೆದ ಉದ್ದ, ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯ ಉದ್ದ. ಹಾರಿಸುವ ಮುನ್ನ 70ರ ತೋಟೆ 65ರ ಕೋಣೆಯಲ್ಲಿ ಸಲೀಸಾಗಿ ಕೂರುತ್ತದೆ. ಹಾರಿದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಕೂತಿತು ಎಂದ ಮಾತ್ರಕ್ಕೆ ಸರಿಹೊಂದಿತು ಎಂದಲ್ಲ.

ಬೆದರಿಸುವ ಕೆಲಸಕ್ಕೆ ಹೊರಗೆ ಕಾಣುವ ಕುದುರೆಯಿರುವ ಒಂಟಿ ನಳಿಗೆಯ ತೋಟೆ ಕೋವಿಯೇ ಸಾಕು. ಹಗುರ, ಬೆಲೆ ಕಡಿಮೆ, ಕುದುರೆ ಎತ್ತಿದೆಯೋ ಇಳಿದಿದೆಯೋ ಎಂಬುದು ಕತ್ತಲೆಯಲ್ಲಿಯೂ ಹೆಬ್ಬೆರಳಿಗೆ ತಿಳಿಯುತ್ತದೆ. ಕೋವಿಯನ್ನು ಮುರಿದು ನೋಡಿದರೆ ತುಂಬಿದೆಯೋ ಬರಿದೋ ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಜೋಡಿ ನಳಿಗೆಯಲ್ಲಿ ಈ ಅನುಕೂಲಗಳ ಜೊತೆಗೆ ಎರಡನೆಯ ಈಡೂ, ಎರಡು ಬಗೆಯ ಚೋಕೂ ಸಿಗುತ್ತವೆ. ಅನುಮತಿ ಪಡೆದು ಹಂದಿ ಹೊಡೆಯಬೇಕಾಗಿ ಬಂದವರಿಗೆ ಗಾಯಗೊಂಡ ಪ್ರಾಣಿಯನ್ನು ತಡಮಾಡದೆ ಮುಗಿಸಲು ಅದು ಅಗತ್ಯವೆನ್ನಬಹುದು. ಒಂಟಿ ಗುಂಡನ್ನು ಪೂರ್ಣ ಬಿಗಿಯ ನಳಿಗೆಯಿಂದ ಹಾರಿಸಬಾರದು. ಮೂತಿ ಉಬ್ಬುವ ಸಂಭವವಿದೆ. ಒಂದಾದ ಮೇಲೊಂದು ತಾನೇ ತುಂಬಿಕೊಳ್ಳುವ ಕೋವಿಗಳಿಗೆ ಈಚೆಗೆ ಆಕರ್ಷಣೆ ಹೆಚ್ಚಿದೆ. ಒಳಗೆ ಎಷ್ಟು ತೋಟೆ ಉಳಿದಿವೆಯೆಂಬುದು ಹೊರಗೆ ಕಾಣದ, ಕೆಸರು ಸೇರಿದರೆ ನಿಂತುಹೋಗುವ ಯಂತ್ರ ಗದ್ದೆಯ ಬದುವಿಗೆ ತಕ್ಕುದಲ್ಲ.

ಕೇಪಿನ ಕೋವಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕಾನೂನು ಮೊದಲು ಕೊಡುವುದು ಅದನ್ನೇ, ಬೆಲೆಯೂ ಕಡಿಮೆ, ಸದ್ದೂ ಹೊಗೆಯೂ ಧಾರಾಳ. ಬೆದರಿಸುವುದಕ್ಕೆ ಅದರಲ್ಲಿ ಕೊರತೆಯಿಲ್ಲ. ಮಳೆಯಲ್ಲಿ ಮದ್ದು ತೇವವಾಗಿ ಹಾರದಿರುವುದು ಅದರ ದೊಡ್ಡ ದೋಷ. ಹಾರದೆ ಉಳಿದ ಮದ್ದಿನ ಮೇಲೆಯೇ ಮರೆತು ಮತ್ತೊಮ್ಮೆ ತುಂಬುವುದು ಅದಕ್ಕಿಂತ ದೊಡ್ಡ ಅಪಾಯ. ಬರಿದಾದ ನಳಿಗೆಗೆ ಗಜವನ್ನು ಇಳಿಸಿ, ಮೂತಿಯ ಸಮಕ್ಕೆ ಗಜದ ಮೇಲೆ ಒಂದು ಗೀರು ಹಾಕಿಟ್ಟರೆ ಮುಂದೆ ಎಂದಾದರೂ ಗಜ ಆ ಗೀರಿನವರೆಗೆ ಇಳಿಯದಿದ್ದಲ್ಲಿ ಒಳಗೆ ಮದ್ದಿದೆಯೆಂದು ತಿಳಿಯುತ್ತದೆ. ಈ ಕೋವಿಗೆ ಕರಿಮದ್ದು ಮಾತ್ರ. ತೋಟೆ ಬಿಚ್ಚಿ ಅದರ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ತುಂಬಿದರೆ ನಳಿಗೆ ಸಿಡಿಯುತ್ತದೆ. ಕಮ್ಮಾರಸಾಲೆಯಲ್ಲಿ ಮಾಡಿಸಿದ, ನಂಬರಿಲ್ಲದ ನಾಡಕೋವಿಯಂತೂ ಕಾನೂನಿನ ದೃಷ್ಟಿಯಲ್ಲಿ ಅಪರಾಧ, ಕೈಗಳ ದೃಷ್ಟಿಯಲ್ಲಿ ಅಪಾಯ.

ಮಂಗ ಓಡಿಸಲೆಂದು ಅನೇಕರು ಏರ್‌ಗನ್ ಕೊಳ್ಳುತ್ತಾರೆ. .177 ಅಂಗುಲಕ್ಕೆ ಮೀರದ, 20 ಜೂಲ್‌ಗಿಂತ ಹೆಚ್ಚು ಶಕ್ತಿಯಿಲ್ಲದ ಏರ್‌ಗನ್ನಿಗೆ ಪರವಾನಗಿ ಬೇಡವೆಂಬುದು ನಿಜ. ಅದರ ಗುಂಡು ಮಕ್ಕಳ ಎದೆಗೆ ತಗುಲಿ ಪ್ರಾಣ ಹೋಗುವುದೂ ಅಷ್ಟೇ ನಿಜ. ಗೋಡೆಯ ಮೊಳೆಗೆ ತೂಗುಹಾಕಿ ಮಕ್ಕಳ ಕೈಗೆ ಸಿಗುವಂತೆ ಇಡುವ ವಸ್ತುವಲ್ಲ ಅದು.

ಹಳೆಯ ಕೋವಿ ಕೊಳ್ಳುವಾಗ

ಮಲೆನಾಡಿನಲ್ಲಿ ಹೊಸ ಕೋವಿಗಿಂತ ತಲೆಮಾರಿನಿಂದ ಬಂದ ಕೋವಿಗಳ ವ್ಯವಹಾರವೇ ಹೆಚ್ಚು. ಬೆಲ್ಜಿಯಂ, ಇಂಗ್ಲೆಂಡಿನಲ್ಲಿ ತಯಾರಾದ ಕೆಲವು ನೂರು ವರ್ಷ ದಾಟಿಯೂ ಚೆನ್ನಾಗಿವೆ. ಪರೀಕ್ಷಿಸುವ ಕ್ರಮ ಹೀಗಿದೆ. ಮೊದಲು ಬರಿದಾಗಿದೆಯೆಂದು ಖಚಿತಪಡಿಸಿಕೊಂಡು ನಳಿಗೆಯನ್ನು ಬೇರ್ಪಡಿಸಿ ಬೆಳಕಿಗೆ ಹಿಡಿದು ನೋಡಬೇಕು. ಒಳಮೈಯ ಬೆಳಕಿನ ಉಂಗುರಗಳು ದುಂಡಗಿರದೆ ಎಲ್ಲಿಯಾದರೂ ತಿರುಚಿದಂತೆ ಕಂಡರೆ ಅಲ್ಲಿ ತಗ್ಗು ಅಥವಾ ಉಬ್ಬು ಇದೆ. ಕಪ್ಪು ಚುಕ್ಕೆಗಳು ತುಕ್ಕಿನ ಗುಳಿ. ಜೋಡಿ ನಳಿಗೆಯನ್ನು ಒಂದು ಬೆರಳಿಗೆ ತೂಗುಬಿಟ್ಟು ಉಗುರಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಡಬ್ಬದ ಸದ್ದು ಬಂದರೆ ನಡುವಿನ ಬೆಸುಗೆ ಬಿಟ್ಟಿದೆ. ಮತ್ತೆ ಜೋಡಿಸಿ, ಮುಚ್ಚಿದ ಕೋವಿಯನ್ನು ಅಲುಗಿಸಿದಾಗ ಕೀಲಿನಲ್ಲಿ ಅಲುಗಾಟವಿರಬಾರದು.

ನಳಿಗೆಯ ಹೊರಮೈಯಲ್ಲಿ ಮರದ ನಾರಿನಂತೆ ಸುಳಿಸುಳಿಯಾದ ಚಿತ್ತಾರವಿದ್ದರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ಈ ನಳಿಗೆ ನೋಡಲು ಬಹಳ ಚೆಂದ. ಆದರೆ ಅದು ಕರಿಮದ್ದಿನ ಕಾಲದ್ದು. ಇಂದಿನ ತೋಟೆಗಳ ಒತ್ತಡಕ್ಕೆ ಪರೀಕ್ಷಿಸಿದ ಮುದ್ರೆ ಅದರ ಮೇಲಿಲ್ಲದಿದ್ದರೆ ಕೈಲ್‌ಪೊಳ್ದಿನ ದಿನ ಹೂವಿಟ್ಟು ಪೂಜಿಸಿ ಗೋಡೆಗೆ ಏರಿಸುವುದೇ ಯೋಗ್ಯ.

ಕೋವಿ ದೇಹಕ್ಕೆ ಹೊಂದಬೇಕು. ಹಿಂಬದಿಯ ಮರದ ಹಿಡಿಯ ತುದಿಯನ್ನು ಮಡಿಸಿದ ಮೊಣಕೈಯ ಒಳಮಗ್ಗುಲಿಗೆ ಇಟ್ಟಾಗ ತೋರುಬೆರಳು ಟ್ರಿಗರಿಗೆ ಸಲೀಸಾಗಿ ತಲುಪಿದರೆ ಉದ್ದ ಸರಿಯಾಗಿದೆ. ಹೆಗಲಿಗೆ ಸರಿಯಾಗಿ ಕೂರದ ಕೋವಿ ಒದೆಯುತ್ತದೆ, ಒದೆತಕ್ಕೆ ಅಂಜಿದವರು ಕಣ್ಣುಮುಚ್ಚಿ ಹಾರಿಸುತ್ತಾರೆ. ಕೊನೆಯದಾಗಿ ನಳಿಗೆಯ ಮೇಲೂ ಮೈಮೇಲೂ ಕೊರೆದ ನಂಬರು ಮಾರುವವರ ಪರವಾನಗಿಯಲ್ಲಿರುವ ನಂಬರಿಗೆ ಹೊಂದುವುದೇ ಎಂದು ನೋಡದೆ ಮುಂಗಡ ಕೊಡಬಾರದು. ಪರವಾನಗಿ ಅಧಿಕಾರಿಯ ಅನುಮತಿ ಬರುವವರೆಗೆ ಕೋವಿ ಮಾರುವವರ ಮನೆಯಲ್ಲಿಯೇ ಇರಬೇಕು.

ಮಳೆಗಾಲದ ಆರೈಕೆ

ಮಲೆನಾಡಿನ ಮಳೆಗೆ ಕಾಗದದ ತೋಟೆಗಳು ಉಬ್ಬಿ ಕೋಣೆಯಲ್ಲಿ ಸಿಕ್ಕಿಕೊಳ್ಳುತ್ತಿದ್ದುದು ಹಿಂದಿನವರಿಗೆ ಗೊತ್ತು. ಪ್ಲಾಸ್ಟಿಕ್ ಕೊಳವೆಯ ತೋಟೆಗಳಿಗೆ ಆ ತೊಂದರೆಯಿಲ್ಲ. ಒದ್ದೆಯಾದ ತೋಟೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದು ಮಾತ್ರ ಅಡಿಕೆ ಒಣಗಿಸಿದಂತಲ್ಲ. ಅಂಥ ತೋಟೆಯನ್ನು ಬಳಸಬಾರದು. ಕೋವಿ ಬರಿದಾಗಿ ಒಂದು ಕಡೆ, ತೋಟೆ ಬೀಗ ಹಾಕಿದ ಇನ್ನೊಂದು ಕಡೆ ಇರಬೇಕು. ಕರಿಮದ್ದು ಬಳಸಿದ ನಳಿಗೆಯನ್ನು ಅದೇ ದಿನ ಬಿಸಿನೀರಿನಿಂದ ತೊಳೆದು ಒಣಗಿಸಿ ಎಣ್ಣೆ ಹಚ್ಚದಿದ್ದರೆ ಎರಡು ದಿನದಲ್ಲಿ ತುಕ್ಕು ಕಾಣುತ್ತದೆ.

ಚುನಾವಣೆಯ ಕಾಲದಲ್ಲಿ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡುವ ಆದೇಶ ಹೊರಡುವುದುಂಟು. ಬೆಳೆ ಕಾವಲಿಗೆ ಅನಿವಾರ್ಯವೆನ್ನುವವರು ಜಿಲ್ಲಾ ಪರಿಶೀಲನಾ ಸಮಿತಿಗೆ ಕಾರಣ ಸಹಿತ ಮನವಿ ಕೊಟ್ಟು ವಿನಾಯಿತಿ ಕೇಳಬಹುದು. ವಿನಾಯಿತಿ ಸಿಗದಿದ್ದರೆ ನಳಿಗೆಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ನಂಬರು ನಮೂದಿಸಿದ ರಸೀತಿ ಪಡೆದು ಒಪ್ಪಿಸಬೇಕು. ಮರಳಿ ಪಡೆದಾಗ ಮನೆಗೆ ಬಂದ ಕೂಡಲೇ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಬೇಕು. ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಕೋವಿಯ ನಳಿಗೆಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರುತ್ತದೆ. ಆ ಒಂದು ಹಿಡಿ ಒಣ ಮಣ್ಣು ನಳಿಗೆ ಸೀಳಲು ಸಾಕು. ಗಜಕ್ಕೆ ಬಟ್ಟೆ ಸುತ್ತಿ ಒಮ್ಮೆ ಆರುಪಾರು ಎಳೆದ ಮೇಲೆಯೇ ತೋಟೆ ಕೈಗೆತ್ತಿಕೊಳ್ಳಬೇಕು.